ಕಣ್ಣಿನಿಂದ ಕೇಳುವವರು: ಕಿವುಡರೊಡನೆ ಮನೆಯವರ ದೂರಸಂಭಾಷಣೆ

ಬಾಂಧವ್ಯವೆಂಬುದು ರಕ್ತದಿಂದ ಹುಟ್ಟಿದರೂ ಮಾತಿನಿಂದಲೇ ಬೆಳೆಯತಕ್ಕದ್ದು. ಒಡಹುಟ್ಟಿದವರೇ ಆದರೂ ವರ್ಷಗಟ್ಟಲೆ ಮಾತನಾಡದೆ ಉಳಿದರೆ ಪರಕೀಯರಂತಾಗುವರು. ಊರುಕೇರಿ ಬೇರೆಯಾದವರೂ ನಿತ್ಯ ಕುಶಲಪ್ರಶ್ನೆ ಮಾಡುತ್ತಿದ್ದರೆ ನೆಂಟರಂತಾಗುವರು. ಆದುದರಿಂದಲೇ ದೂರದಲ್ಲಿರುವ ಮಗನೊಡನೆ, ಕೊಟ್ಟ ಮನೆಯಲ್ಲಿರುವ ಮಗಳೊಡನೆ ವಾರಕ್ಕೊಮ್ಮೆಯಾದರೂ ನಾಲ್ಕು ಮಾತನಾಡಬೇಕೆಂದು ಹಿರಿಯರು ಹಂಬಲಿಸುವುದು. ಆದರೆ ಆ ಮಗನಿಗೆ ಅಥವಾ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದಿದ್ದರೆ ಮನೆಯವರು ಏನು ಮಾಡಬೇಕು? ಇದು ಎಲ್ಲೋ ಅಪರೂಪಕ್ಕೆ ಏಳುವ ಪ್ರಶ್ನೆಯಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ 50 ಲಕ್ಷವನ್ನು ಮೀರಿದೆ. ಅಮೆರಿಕದಲ್ಲಿ ನಡೆದ ಗಣನೆಗಳ ಪ್ರಕಾರ ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕಿವಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದವರು. ಅಂದರೆ ಕಿವುಡ ಮಗುವೊಂದು ಸಾಮಾನ್ಯವಾಗಿ ಕಣ್ಣುಬಿಡುವುದು ಕಿವಿಯನ್ನೇ ನಂಬಿ ಬಾಳುವ ಮನೆಯಲ್ಲಿ. ಆ ಮನೆಯವರ ಮಾತು ಆ ಮಗುವಿಗೆ ಮುಟ್ಟುವ ಬಗೆ ಹೇಗೆಂಬುದು ವಿಚಾರಾರ್ಹವಾದ ವಿಷಯ.

ಈ ವಿಷಯದಲ್ಲಿ ದೂರವಾಣಿಯ ಇತಿಹಾಸವನ್ನು ನೋಡಿದರೆ ಆಶ್ಚರ್ಯವೂ ಖೇದವೂ ಒಟ್ಟಿಗೆ ಉಂಟಾಗುತ್ತವೆ. 1876ರಲ್ಲಿ ದೂರವಾಣಿಗೆ ಹಕ್ಕುಪತ್ರ ಪಡೆದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಉಪಾಧ್ಯಾಯನಾಗಿದ್ದವನು. ಆತನ ತಾಯಿ ಎಲೈಜಾಗೆ ಕಿವಿ ಕೇಳುತ್ತಿರಲಿಲ್ಲ. 1877ರಲ್ಲಿ ಆತನು ವಿವಾಹವಾದ ಮೇಬಲ್ ಹಬ್ಬರ್ಡ್ ಎಳೆವೆಯಲ್ಲೇ ಜ್ವರಕ್ಕೆ ಸಿಕ್ಕಿ ಶ್ರವಣಶಕ್ತಿಯನ್ನು ಕಳೆದುಕೊಂಡವಳು. ಬಾಲಕನಾಗಿದ್ದಾಗ ಬೆಲ್ ಬೆರಳಕ್ಷರಗಳನ್ನು ಕಲಿತು, ಮನೆಯವರಾಡುವ ಮಾತುಗಳನ್ನು ತಾಯಿಗೆ ಬೆರಳುಗಳಿಂದ ತಿಳಿಸುತ್ತಿದ್ದನು. ಹೀಗೆ ಕಿವುಡ ತಾಯಿಯ ಮಗನೂ ಕಿವುಡ ಹೆಂಡತಿಯ ಗಂಡನೂ ಆದವನು ನಿರ್ಮಿಸಿದ ಯಂತ್ರವು ಜಗತ್ತಿನ ಕೇಳುವ ಜನರನ್ನೆಲ್ಲ ಹತ್ತಿರ ತಂದಿತು. ಆತನ ತಾಯಿಗೂ ಹೆಂಡತಿಗೂ ಮಾತ್ರ ಅದರಿಂದ ಮಾತು ಕೇಳಿಸಲಿಲ್ಲ. ಅಷ್ಟೇ ಅಲ್ಲದೆ, ದೂರವಾಣಿ ಬರುವ ಮುನ್ನ ದೂರದವರೊಡನೆ ವ್ಯವಹಾರವೆಲ್ಲ ಓಲೆಯ ಮೂಲಕ ನಡೆಯುತ್ತಿದ್ದುದರಿಂದ, ಓದುಬರಹ ಬಲ್ಲ ಕಿವುಡನೂ ಕೇಳುವವನೂ ಆ ಮಟ್ಟಿಗೆ ಸಮಾನರಾಗಿದ್ದರು. ದೂರವಾಣಿ ಬಂದು ಓಲೆಯ ರೂಢಿ ತಗ್ಗಿದಂತೆ ಕಿವುಡನು ಹಿಂದೆ ಬಿದ್ದನು.

1964ರಲ್ಲಿ ಅಮೆರಿಕದ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ, ಸ್ವತಃ ಕಿವುಡನಾಗಿದ್ದ ಭೌತವಿಜ್ಞಾನಿಯು ಬೆರಳಚ್ಚು ಯಂತ್ರದ ಅಕ್ಷರಗಳನ್ನು ಸಾಮಾನ್ಯ ದೂರವಾಣಿಯ ತಂತಿಯ ಮೂಲಕವೇ ಕಳುಹಿಸುವ ಉಪಾಯವನ್ನು ಕಂಡುಹಿಡಿದನು. ಇದರಿಂದ ಅಲ್ಲಿಯ ಕಿವುಡರಿಗೆ ಮೊಟ್ಟಮೊದಲಿಗೆ ದೂರವಾಣಿ ಪ್ರಯೋಜನಕ್ಕೆ ಬಂದಿತು. ಆದರೆ ಆ ಯಂತ್ರ ಎರಡು ಕಡೆಯಲ್ಲಿಯೂ ಇರಬೇಕು, ಇಬ್ಬರಿಗೂ ಅಕ್ಷರಜ್ಞಾನವಿರಬೇಕು. ಕರ್ನಾಟಕದ ಹಳ್ಳಿಗಳ ಮಟ್ಟಿಗೆ ಅದು ದೂರದ ಮಾತಾಯಿತು. 1980ರ ದಶಕದ ಕೊನೆಯಿಂದ ಊರೂರಿಗೂ ಎಸ್.ಟಿ.ಡಿ. ಅಂಗಡಿಗಳು ಬಂದಾಗ ಮನೆಯ ಮಕ್ಕಳೆಲ್ಲ ಸರದಿಯಂತೆ ರಿಸೀವರನ್ನು ಕಿವಿಗೆ ಹಿಡಿದು ಅಣ್ಣನೊಡನೆಯೋ ಅಕ್ಕನೊಡನೆಯೋ ಮಾತನಾಡುತ್ತಿದ್ದರೆ, ಕಿವುಡ ಮಗುವು ಗಾಜಿನ ಬಾಗಿಲ ಬಳಿ ನಿಂತು ಅವರ ಮುಖಗಳನ್ನು ನೋಡುವುದಷ್ಟೆ ಸಾಧ್ಯವಿತ್ತು. ಮುಂದೆ ಮೊಬೈಲು ಬಂದು ಅಕ್ಷರದ ಸಂದೇಶಗಳು ಬಳಕೆಗೆ ಬಂದಾಗ ಕಿವುಡರು ಅವನ್ನು ಆದರದಿಂದ ಸ್ವೀಕರಿಸಿದರು. ಆದರೂ ಹಳ್ಳಿಯ ತಾಯಿಗೆ ಓದು ಬಾರದಿದ್ದರೆ, ಕೇಳದ ನುಡಿಯನ್ನು ಅಕ್ಷರದಲ್ಲಿ ಕಲಿಯಲು ಮಗನಿಗೆ ಕಷ್ಟವಾಗಿದ್ದರೆ, ಆ ಸಂದೇಶದಿಂದ ಬಹಳ ಪ್ರಯೋಜನವಾಗಲಿಲ್ಲ.

ಮುಖವನ್ನು ನೋಡುತ್ತ ಮಾತನಾಡುವ ದೂರವಾಣಿಯ ಕನಸು ಹಳೆಯದು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಎ.ಟಿ. ಅಂಡ್ ಟಿ. ಸಂಸ್ಥೆ ಪಿಕ್ಚರ್‌ಫೋನ್ ಎಂಬ ಯಂತ್ರವನ್ನು ಪ್ರದರ್ಶಿಸಿತು. ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಮೊದಲ ಮೂರು ನಿಮಿಷಗಳಿಗೆ 16 ಡಾಲರುಗಳಷ್ಟು ಶುಲ್ಕವಿದ್ದ ಕಾರಣ ಅದು ಜನಸಾಮಾನ್ಯರ ಕೈಗೆ ಎಟುಕಲಿಲ್ಲ. ಅಂತರ್ಜಾಲ ಬಂದ ಮೇಲೆ ಕಾಲವು ಬದಲಾಯಿತು. 2006ರ ಸುಮಾರಿಗೆ, 2025ರಲ್ಲಿ ಸೇವೆ ನಿಲ್ಲಿಸಿದ ಸ್ಕೈಪ್ ಚಿತ್ರಸಹಿತ ಸಂಭಾಷಣೆಯನ್ನು ಗಣಕಯಂತ್ರಗಳಿಗೆ ತಂದಿತು. 2010ರಲ್ಲಿ ಫೇಸ್‌ಟೈಮ್ ಅದನ್ನು ಅಂಗೈಯ ಫೋನಿಗೆ ತಂದಿತು. ಭಾರತದಲ್ಲಿ 2016ನೆಯ ವರ್ಷವು ಈ ದೃಷ್ಟಿಯಿಂದ ಗಮನಾರ್ಹವಾದುದು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಸೇವೆಯ ಆರಂಭದಿಂದ ಅಂತರ್ಜಾಲದ ಬೆಲೆ ಬಹುವಾಗಿ ಇಳಿಯಿತು. ನವೆಂಬರಿನಲ್ಲಿ ವಾಟ್ಸಾಪ್ ವಿಡಿಯೊ ಕರೆಯನ್ನು ಎಲ್ಲರಿಗೂ ತೆರೆಯಿತು. ಬೆಲ್ಲನ ಯಂತ್ರಕ್ಕೆ ಸರಿಯಾಗಿ 140 ವರ್ಷಗಳಾದ ಮೇಲೆ ಹೊಲದ ಬದುವಿನಲ್ಲಿ ನಿಂತ ರೈತನಿಗೂ ಬೆಂಗಳೂರಿನಲ್ಲಿರುವ ತನ್ನ ಕಿವುಡ ಮಗನ ಮುಖವನ್ನು ಕಂಡು ಸನ್ನೆ ಮಾಡುವ ಅನುಕೂಲ ಒದಗಿತು. ದೂರವಾಣಿ ಎಂಬ ಪದದಲ್ಲಿನ ವಾಣಿಯು ಕಣ್ಣಿಗೂ ಗೋಚರವಾಯಿತು.

ಇಷ್ಟು ಹೇಳಿದೊಡನೆ ಯಂತ್ರ ಬಂದಿತು, ತೊಂದರೆ ತೀರಿತು ಎಂದು ಕೆಲವರು ಭಾವಿಸಬಹುದು. ಹಾಗಾಗುವುದಿಲ್ಲ. ತೆರೆಯ ಮೇಲೆ ಮುಖ ಕಂಡಿತು, ಇನ್ನು ತುಟಿಯ ಚಲನೆಯಿಂದ ಆತನು ಎಲ್ಲವನ್ನೂ ತಿಳಿದುಕೊಳ್ಳುವನು ಎಂಬುದು ಅನೇಕ ಬಂಧುಗಳ ಎಣಿಕೆ. ಕನ್ನಡದ ವರ್ಣಮಾಲೆಯನ್ನು ಉಚ್ಚಾರಣಾ ಸ್ಥಾನಗಳ ಸಹಿತ ಕಲಿತವರಿಗೆ ಈ ಎಣಿಕೆಯ ದೋಷ ಸುಲಭವಾಗಿ ತಿಳಿಯುತ್ತದೆ. ಪ, ಬ, ಮ ಈ ಮೂರೂ ಓಷ್ಠ್ಯಗಳು. ಮೂರಕ್ಕೂ ತುಟಿಗಳು ಕೂಡಿ ಬಿಡುತ್ತವೆ. ನಾದವಿದೆಯೇ ಇಲ್ಲವೇ, ಉಸಿರು ಮೂಗಿನಿಂದ ಹೊರಡುವುದೋ ಬಾಯಿಂದಲೋ ಎಂಬ ಭೇದವು ಕಿವಿಗೆ ಮಾತ್ರ ವೇದ್ಯ. ಆದುದರಿಂದ ಪಾಡು, ಬಾಡು, ಮಾಡು ಎಂಬ ಮೂರು ಪದಗಳು ತುಟಿಯ ಮೇಲೆ ಒಂದೇ ಪದ. ಇನ್ನು ಕ, ಗ ಮೊದಲಾದ ಕಂಠ್ಯಗಳು ಹುಟ್ಟುವುದು ಗಂಟಲ ಬಳಿಯಲ್ಲಿ. ಅವು ಕಣ್ಣಿಗೆ ಕಾಣುವುದೇ ಇಲ್ಲ. ಕಾಳಿ ಎಂದರೂ ಗಾಳಿ ಎಂದರೂ ನೋಡುವವನಿಗೆ ಭೇದ ತೋರದು. ಟ, ಡ, ಣಗಳಿಗೆ ನಾಲಗೆ ಬಾಯೊಳಗೆ ಮಡಿಚಿಕೊಳ್ಳುವುದರಿಂದ ಅವೂ ಮರೆಯಾಗಿಯೇ ಉಳಿಯುತ್ತವೆ. ಎದುರಿಗೆ ಕುಳಿತು ಮಾತನಾಡುವಾಗಲೇ ಈ ಪಾಡಾದರೆ, ಅಂಗೈಯಗಲದ ತೆರೆಯಲ್ಲಿ ನಡುನಡುವೆ ನಿಂತು ಹೋಗುವ ಚಿತ್ರದಲ್ಲಿ ತುಟಿಯನ್ನಷ್ಟೇ ನಂಬಿದವನ ಪಾಡೇನು?

ಕಿವುಡರ ಪೂರ್ಣವಾದ ನುಡಿಯೆಂದರೆ ಸನ್ನೆಭಾಷೆ. ಇದನ್ನು ಬಹುಕಾಲ ಲೋಕವು ಭಾಷೆಯೆಂದು ಒಪ್ಪಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಬಾಯಿಮಾತಿನ ಬೋಧನೆಯೇ ಶ್ರೇಷ್ಠವೆಂದು ನಿರ್ಣಯಿಸಿತು. ಬೆಲ್ ಸಹ ಇದೇ ಪಕ್ಷದವನು. ಅದರ ಫಲವಾಗಿ ಅನೇಕ ದೇಶಗಳ ಶಾಲೆಗಳಿಂದ ಸನ್ನೆಗಳನ್ನು ಹೊರಗಟ್ಟಲಾಯಿತು. 1960ರಲ್ಲಿ ವಿಲಿಯಂ ಸ್ಟೋಕೊ ಎಂಬ ವಿದ್ವಾಂಸನು ಅಮೆರಿಕದ ಸನ್ನೆಭಾಷೆಗೆ ತನ್ನದೇ ಆದ ರಚನೆಯುಂಟೆಂದು ಶಾಸ್ತ್ರೀಯವಾಗಿ ತೋರಿಸಿಕೊಟ್ಟನು. ಕೈಯ ಆಕಾರ, ಅದು ಇರುವ ಸ್ಥಾನ, ಅದರ ಚಲನೆ ಇವುಗಳು ಸೇರಿ ಪದವಾಗುತ್ತವೆ. ವರ್ಣಗಳು ಸೇರಿ ಪದವಾಗುವಂತೆಯೇ ಇದು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಸಮ್ಮೇಳನವು ಮಿಲಾನಿನ ನಿರ್ಣಯಕ್ಕಾಗಿ ವಿಷಾದವನ್ನು ವ್ಯಕ್ತಪಡಿಸಿತು.

ಭಾರತೀಯ ಸನ್ನೆಭಾಷೆಯು ಹಿಂದಿಯ ರೂಪಾಂತರವೂ ಅಲ್ಲ, ಕನ್ನಡದ ರೂಪಾಂತರವೂ ಅಲ್ಲ. ಅದಕ್ಕೆ ಸ್ವತಂತ್ರವಾದ ವ್ಯಾಕರಣವಿದೆ. ಆದರೂ ಅದರ ಕೆಲವು ನಡೆಗಳು ಕನ್ನಡಿಗನಿಗೆ ಪರಿಚಿತವೆನಿಸುವಂತಿವೆ. "ನಿನ್ನ ಹೆಸರೇನು" ಎಂಬಲ್ಲಿ ಪ್ರಶ್ನಾರ್ಥಕವು ಕೊನೆಗೆ ಬರುವಂತೆ ಭಾರತೀಯ ಸನ್ನೆಭಾಷೆಯಲ್ಲಿಯೂ ಪ್ರಶ್ನೆಯ ಸನ್ನೆ ಕೊನೆಗೆ ಬರುತ್ತದೆ. ಕನ್ನಡದ 'ಇಲ್ಲ'ದಂತೆ ನಿಷೇಧದ ಸನ್ನೆಯೂ ವಾಕ್ಯದ ಅಂತ್ಯದಲ್ಲಿ ನಿಲ್ಲುತ್ತದೆ. ಹೌದೋ ಅಲ್ಲವೋ ಎಂದು ಕೇಳುವಾಗ ಹುಬ್ಬು ಮೇಲೇರಿ ತಲೆ ತುಸು ಮುಂದೆ ಬಾಗಬೇಕು. ಮುಖಭಾವವಿಲ್ಲದೆ ಕೈಯನ್ನಷ್ಟೇ ಆಡಿಸಿದರೆ ಅದು ಪ್ರಶ್ನೆಯಾಗದು. ಇಲ್ಲಿ ಮುಖಭಾವವು ವ್ಯಾಕರಣದ ಒಂದು ಅಂಗ. ಸನ್ನೆಮಾತನ್ನು ನೋಡುವ ಕಿವುಡರ ದೃಷ್ಟಿ ಬಹುಪಾಲು ಎದುರಿನವರ ಮುಖದ ಮೇಲೆಯೇ ನೆಲೆಸಿರುತ್ತದೆ, ಕೈಗಳನ್ನು ಅವರು ಕಣ್ಣಂಚಿನಿಂದ ಗ್ರಹಿಸುತ್ತಾರೆ ಎಂದು ಸಂಶೋಧಕರು ತಿಳಿಸಿದ್ದಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಈ ಶತಮಾನದ ಮೊದಲ ದಶಕದಲ್ಲಿ, ದುರ್ಬಲವಾದ ಮೊಬೈಲು ಸಂಪರ್ಕದಲ್ಲಿಯೂ ಮುಖ ಮತ್ತು ಕೈಗಳ ಚಿತ್ರ ಮಾತ್ರ ಸ್ಪಷ್ಟವಾಗಿ ಬರುವಂತೆ ಮಾಡುವ ವಿಧಾನವನ್ನು ರೂಪಿಸಲು ಇದೇ ತತ್ತ್ವವನ್ನು ಆಧಾರವಾಗಿಟ್ಟುಕೊಂಡರು.

ಹೀಗಿರುವಾಗ ಮನೆಯವರ ಸ್ಥಿತಿ ಏನು? ಕಿವುಡ ಮಗುವುಳ್ಳ ಪ್ರತಿ ಮನೆಯಲ್ಲಿಯೂ ಕೆಲವು ಮನೆಸನ್ನೆಗಳು ತಾವಾಗಿಯೇ ಹುಟ್ಟಿಕೊಂಡಿರುತ್ತವೆ. ಊಟಕ್ಕೊಂದು, ನಿದ್ದೆಗೊಂದು, ಹಣೆಯ ಕುಂಕುಮ ತೋರಿಸಿ ಅಮ್ಮನಿಗೊಂದು, ಮೀಸೆ ತಿರುವಿ ಅಪ್ಪನಿಗೊಂದು, ಹೀಗೆ ಒಂದಿಷ್ಟು. ಇವು ಬಾಲ್ಯಕ್ಕೆ ಸಾಕಾಗಬಹುದು. ಮಗುವು ಬೆಳೆದು ನಗರದ ವಿಶೇಷ ಶಾಲೆಯ ವಸತಿನಿಲಯ ಸೇರಿದಾಗ ತನ್ನಂಥವರ ನಡುವೆ ಪೂರ್ಣವಾದ ಸನ್ನೆಭಾಷೆಯನ್ನು ಕಲಿಯುತ್ತದೆ. ನಿನ್ನೆ, ನಾಳೆ, ಸಂದೇಹ, ನ್ಯಾಯ, ನಾಚಿಕೆ ಎಲ್ಲಕ್ಕೂ ಸನ್ನೆಗಳನ್ನು ಪಡೆಯುತ್ತದೆ. ರಜೆಗೆ ಮನೆಗೆ ಬಂದಾಗ ಮನೆಯವರು ಹಳೆಯ ಇಪ್ಪತ್ತು ಸನ್ನೆಗಳಲ್ಲಿಯೇ ನಿಂತಿರುತ್ತಾರೆ. ಹಬ್ಬದ ಪಂಕ್ತಿಯಲ್ಲಿ ಎಲ್ಲರೂ ನಗುವಾಗ ಏಕೆ ನಕ್ಕರೆಂದು ಆ ಮಗು ಕೇಳಿದರೆ, "ಆಮೇಲೆ ಹೇಳುತ್ತೇನೆ" ಎಂದು ಕೈಯಾಡಿಸುವುದು ವಾಡಿಕೆ. ಆ ಆಮೇಲೆ ಎಂಬುದು ಬರುವುದೇ ಅಪರೂಪ. ಅಜ್ಜನಿಗೆ ಕಾಯಿಲೆಯಾದದ್ದು, ಹೊಲ ಮಾರಿದ್ದು, ತಂಗಿಗೆ ಗಂಡು ಗೊತ್ತಾದದ್ದು ಎಲ್ಲವೂ ಅವನಿಗೆ ಕೊನೆಯಲ್ಲಿ, ಒಂದೆರಡು ಸನ್ನೆಗಳಲ್ಲಿ ತಿಳಿಯುತ್ತವೆ. ಸ್ವಂತ ಮನೆಯಲ್ಲಿಯೇ ಅವನು ಅತಿಥಿಯಂತಾಗುತ್ತಾನೆ.

ಈ ರೂಢಿಯೇ ವಿಡಿಯೊ ಕರೆಯಲ್ಲಿಯೂ ಮುಂದುವರಿಯುವುದುಂಟು. ಫೋನು ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಯೊಬ್ಬರೂ ಕೈಬೀಸಿ, "ಊಟವಾಯಿತೇ" ಎಂದು ಸನ್ನೆ ಮಾಡಿ, ಹೆಬ್ಬೆರಳೆತ್ತಿ ತೋರಿಸಿ ಮುಂದಿನವರಿಗೆ ಕೊಡುತ್ತಾರೆ. ಎರಡು ನಿಮಿಷದಲ್ಲಿ ಕರೆ ಮುಗಿಯುತ್ತದೆ. ಮುಖದರ್ಶನವಾಯಿತು, ಸಂಭಾಷಣೆಯಾಗಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ನಿಮಿತ್ತ ದೇಶವೆಲ್ಲ ಸ್ತಬ್ಧವಾಗಿ ಶಾಲೆಗಳೂ ವಸತಿನಿಲಯಗಳೂ ಮುಚ್ಚಿದಾಗ ಈ ಕೊರತೆ ಮತ್ತಷ್ಟು ಬಯಲಾಯಿತು. ಮುಸುಕುಬಟ್ಟೆ ತುಟಿಯನ್ನೂ ಮುಖಭಾವವನ್ನೂ ಮರೆಮಾಡಿತು. ಸನ್ನೆ ಬಾರದ ಮನೆಗೆ ಮರಳಿದ ಕಿವುಡ ಮಗುವಿಗೆ, ಮನೆತುಂಬ ಜನರಿದ್ದರೂ, ಮನಸ್ಸು ಬಿಚ್ಚಿ ಮಾತನಾಡಲು ತೆರೆಯ ಮೇಲಿನ ದೂರದ ಗೆಳೆಯನೇ ಗತಿಯಾದನು.

ಆದರೆ ಇದೇ ವಿಡಿಯೊ ಕರೆಗೆ ಮನೆಯ ಜಗಲಿಯಲ್ಲಿ ದೊರೆಯದ ಒಂದು ಗುಣವಿದೆ. ಹತ್ತು ಜನ ಕೂಡಿ ಮಾತನಾಡುವಲ್ಲಿ ಕಿವುಡನು ಯಾರ ಮುಖವನ್ನು ನೋಡಬೇಕೆಂದು ತಿಳಿಯುವುದರೊಳಗೆ ಮಾತು ಮತ್ತೊಬ್ಬರ ಬಾಯಿಗೆ ಹಾರಿರುತ್ತದೆ. ತೆರೆಯಲ್ಲಿಯಾದರೋ ಒಂದು ಮುಖಕ್ಕೆ ಒಂದು ಮುಖ. ಕೇಳುವವನು ಪಾತ್ರೆ ತೊಳೆಯುತ್ತಲೋ ಬೆನ್ನು ತಿರುಗಿಸಿಕೊಂಡೋ ಮಾತನಾಡುವಂತಿಲ್ಲ; ಎದುರಿಗೆ ನಿಲ್ಲಲೇಬೇಕು, ಕಣ್ಣಿಗೆ ಕಣ್ಣು ಕೂಡಿಸಲೇಬೇಕು. ಹೀಗೆ ವಿಡಿಯೊ ಕರೆಯು ಕೇಳುವ ಬಂಧುವನ್ನು ಕಿವುಡನ ರೀತಿಗೆ ಒಗ್ಗಿಸುತ್ತದೆ. ವಾರಕ್ಕೊಮ್ಮೆ ಕರೆ ಮಾಡುವ ತಾಯಿಯು ಪ್ರತಿ ಸಲವೂ ಮಗನಿಂದಲೇ ಐದು ಹೊಸ ಸನ್ನೆಗಳನ್ನು ಕಲಿತರೆ ವರ್ಷಕ್ಕೆ 260 ಸನ್ನೆಗಳಾದವು; ಇದಕ್ಕೆ ಪುಸ್ತಕವೂ ಬೇಡ, ಅಕ್ಷರವೂ ಬೇಡ. ಇಲ್ಲಿ ಮಗನೇ ಗುರು, ತಾಯಿಯೇ ಶಿಷ್ಯೆ. ಬಾಲ್ಯದಿಂದ ಎಲ್ಲರಿಂದ ತಿದ್ದಿಸಿಕೊಂಡೇ ಬೆಳೆದ ಆ ಮಗನಿಗೆ ತಾಯಿಯ ಕೈಯನ್ನು ತಾನು ತಿದ್ದುವ ಸಂದರ್ಭವು ತರುವ ಅಭಿಮಾನ ಅಲ್ಪವಾದುದಲ್ಲ.

ಇಂತಹ ಸಂಭಾಷಣೆ ಸುಗಮವಾಗಲು ಕೆಲವು ಅಂಶಗಳನ್ನು ಮನೆಯವರು ಅರಿತಿರಬೇಕು. ಮೊದಲನೆಯದಾಗಿ, ಫೋನನ್ನು ಕೈಯಲ್ಲಿ ಹಿಡಿಯಬಾರದು. ಅಮೆರಿಕದ ಬೆರಳಕ್ಷರಗಳಿಗೆ ಒಂದು ಕೈ ಸಾಕು. ಭಾರತದಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಬೆರಳಕ್ಷರಗಳಿಗೆ ಸಾಮಾನ್ಯವಾಗಿ ಎರಡು ಕೈಗಳೂ ಬೇಕು. ಆದುದರಿಂದ ಫೋನನ್ನು ಕಪಾಟಿನ ಹಲಗೆಯ ಮೇಲೆ ಒಂದು ತಂಬಿಗೆಗೋ ಡಬ್ಬಿಗೋ ಒರಗಿಸಿಟ್ಟು, ತಲೆಯಿಂದ ಸೊಂಟದವರೆಗೆ ಕಾಣುವಷ್ಟು ಹಿಂದೆ ಸರಿದು ನಿಲ್ಲಬೇಕು. ಎರಡನೆಯದಾಗಿ, ಬೆಳಕು ಮುಖದ ಮೇಲೆ ಬೀಳಬೇಕು; ಕಿಟಕಿಯನ್ನು ಬೆನ್ನಿಗಿಟ್ಟು ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಚಿತ್ತಾರದ ಬಟ್ಟೆಗಿಂತ ಮೈಬಣ್ಣಕ್ಕೆ ಭಿನ್ನವಾದ ಒಂದೇ ಬಣ್ಣದ ಬಟ್ಟೆಯ ಮೇಲೆ ಕೈಗಳು ಸ್ಫುಟವಾಗಿ ತೋರುತ್ತವೆ. ಮೂರನೆಯದಾಗಿ, ಕರೆಗಂಟೆ ಕಿವುಡನಿಗೆ ಕೇಳಿಸದು. ಫೋನು ಅದುರುವಂತೆ ಅಥವಾ ಬೆಳಕು ಮಿನುಗುವಂತೆ ಅಳವಡಿಸಿಕೊಳ್ಳಲು ಹೇಳಿ, ಕರೆಯ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. ನಾಲ್ಕನೆಯದಾಗಿ, ಸಂಪರ್ಕ ದುರ್ಬಲವಾಗಿ ಚಿತ್ರ ನಿಂತುಹೋದರೆ ಮಾತೂ ನಿಂತಿತೆಂದೇ ಅರ್ಥ. ಕಿವಿಯವರಿಗೆ ಚಿತ್ರ ನಿಂತರೂ ಧ್ವನಿ ಬರುತ್ತಿರುತ್ತದೆ. ಕಿವುಡನಿಗೆ ಚಿತ್ರವೇ ಧ್ವನಿ. ಆಗ ಮುಖ್ಯವಾದುದನ್ನು ಮತ್ತೆ ನಿಧಾನವಾಗಿ ಹೇಳಬೇಕು. ಕೊನೆಯದಾಗಿ, ಕರೆಯ ನಡುವೆ ಮನೆಯವರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಬಾರದು. ಆಡಿದರೆ ಏನಾಡಿದೆವೆಂಬುದನ್ನು ಒಡನೆಯೇ ಅವನಿಗೂ ತಿಳಿಸಬೇಕು.

ವಯಸ್ಸಾದ ಮೇಲೆ ಕಿವಿ ಮಂದವಾದ ಅಜ್ಜ ಅಜ್ಜಿಯರ ಸಂಗತಿ ಬೇರೆ. ಅವರಿಗೆ ಸನ್ನೆಭಾಷೆ ಬಾರದು. ಅವರ ನುಡಿ ಕನ್ನಡವೇ. ಅವರೊಡನೆ ಕರೆಯಲ್ಲಿ ಕಿರುಚುವುದರಿಂದ ಉಪಯೋಗವಿಲ್ಲ. ಮುಖವನ್ನು ಬೆಳಕಿಗಿಟ್ಟು, ಚಿಕ್ಕ ವಾಕ್ಯಗಳನ್ನು ಬಿಡಿಸಿ ಆಡಿ, ತಿಳಿಯದ ಪದವನ್ನು ಪಾಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರೆ ಓದುಬಲ್ಲ ಹಿರಿಯರು ಸಂತೋಷದಿಂದ ಉತ್ತರಿಸುತ್ತಾರೆ.

ಅಮೆರಿಕದಲ್ಲಿ ದುಭಾಷಿಯ ಮೂಲಕ ನಡೆಯುವ ವಿಡಿಯೊ ಕರೆಗಳ ವ್ಯವಸ್ಥೆಗೆ 2000ದಲ್ಲಿ ಸರ್ಕಾರದ ಮನ್ನಣೆ ದೊರೆಯಿತು. ಕಿವುಡನು ತೆರೆಯಲ್ಲಿರುವ ದುಭಾಷಿಗೆ ಸನ್ನೆಯಿಂದ ಹೇಳುತ್ತಾನೆ; ದುಭಾಷಿಯು ಅದನ್ನು ದೂರವಾಣಿಯಲ್ಲಿ ಕೇಳುವವನಿಗೆ ಬಾಯಿಮಾತಿನಿಂದ ತಿಳಿಸುತ್ತಾನೆ. ವೈದ್ಯರೊಡನೆ, ಕಚೇರಿಯವರೊಡನೆ ವ್ಯವಹರಿಸಲು ಇದು ಅತ್ಯುಪಯುಕ್ತ. ಆದರೆ ತಾಯಿಮಕ್ಕಳ ನಡುವೆ ನಿತ್ಯವೂ ಮೂರನೆಯವರೊಬ್ಬರು ನಿಲ್ಲಬೇಕಾದರೆ ಮನಸ್ಸಿನ ಮಾತು ಅರ್ಧಕ್ಕೇ ನಿಲ್ಲುವುದು ಸಹಜ. ಮನೆಯವರ ಕೈಗಳೇ ಮಾತನಾಡುವುದಕ್ಕೆ ಬದಲಿಯಾಗಬಲ್ಲ ಸೇವೆ ಯಾವುದೂ ಇಲ್ಲ.

ಕಲಿಯುವ ಸಾಧನಗಳಿಗೆ ಈಗ ಕೊರತೆಯಿಲ್ಲ. 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ಪ್ರತಿ ಪದಕ್ಕೂ ಚಲಿಸುವ ಚಿತ್ರವಿರುವುದರಿಂದ ಅದೇ ಫೋನಿನಲ್ಲಿಯೇ ನೋಡಿ ಕಲಿಯಬಹುದು. 2020ರ ಅಕ್ಟೋಬರಿನಲ್ಲಿ ಪಠ್ಯಪುಸ್ತಕಗಳನ್ನು ಸನ್ನೆಭಾಷೆಗೆ ತರಲು ಆ ಕೇಂದ್ರವೂ ಎನ್.ಸಿ.ಇ.ಆರ್.ಟಿ. ಸಂಸ್ಥೆಯೂ ಒಪ್ಪಂದ ಮಾಡಿಕೊಂಡವು. 2021ರ ಜುಲೈಯಲ್ಲಿ ಸನ್ನೆಭಾಷೆಗೆ ಭಾಷಾವಿಷಯದ ಸ್ಥಾನ ನೀಡಿರುವುದಾಗಿ ಪ್ರಧಾನಮಂತ್ರಿಗಳು ಘೋಷಿಸಿದರು. ಮಗುವಿನ ಶ್ರವಣದೋಷವನ್ನು ಎಳೆವೆಯಲ್ಲೇ ಗುರುತಿಸಲು 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡನಾಡಿನವರಿಗೆ ಸಮೀಪದಲ್ಲಿಯೇ ಇದೆ. ಸೆಪ್ಟೆಂಬರ್ 23ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸನ್ನೆಭಾಷಾ ದಿನವೆಂದು ಸಾರಿದ್ದು, 2018ರಿಂದ ಅದು ಆಚರಣೆಯಲ್ಲಿದೆ.

ಇನ್ನು ಸಾಮಾನ್ಯ ವಿದ್ಯಾಶಾಲೆಗಳ ಕರ್ತವ್ಯವೂ ಇದರಲ್ಲಿ ಉಂಟು. ಯಾವ ಶಾಲೆಯ ತರಗತಿಯಲ್ಲಿಯೂ ಕಿವುಡ ತಮ್ಮನೋ ತಂಗಿಯೋ, ಮಾವನೋ ಅತ್ತೆಯೋ ಇರುವ ವಿದ್ಯಾರ್ಥಿಯೊಬ್ಬನಿರಬಹುದು. ಆತನು ಅದನ್ನು ಯಾರಿಗೂ ಹೇಳದೆ ಇರಬಹುದು. ಉಪಾಧ್ಯಾಯರು ವಾರಕ್ಕೊಂದು ಅವಧಿಯಲ್ಲಿ ನಾಲ್ಕಾರು ಸನ್ನೆಗಳನ್ನು ಎಲ್ಲ ಮಕ್ಕಳಿಗೂ ಹೇಳಿಕೊಟ್ಟರೆ ಆ ವಿದ್ಯಾರ್ಥಿಯ ಸಂಕೋಚ ಕಳೆಯುತ್ತದೆ, ಅವನ ಮನೆಗೆ ಸಂಜೆ ಹೊಸದೊಂದು ಮಾತು ಹೋಗುತ್ತದೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಿದರೆ ಊರಿನ ಕಿವುಡ ಯುವಕನೊಬ್ಬನನ್ನೇ ಗೌರವಧನ ಕೊಟ್ಟು ಬೋಧಕನನ್ನಾಗಿ ಕರೆಯಬಹುದು. ಇದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ, ಒಂದು ಗಂಟೆಯ ಅವಕಾಶ ಸಾಕು.

ಬಾಲಕ ಬೆಲ್ಲನು ತಾಯಿಗಾಗಿ ಬೆರಳಕ್ಷರಗಳನ್ನು ಕಲಿತಾಗ ಆತನಿಗೆ ಯಾವ ಯಂತ್ರದ ನೆರವೂ ಇರಲಿಲ್ಲ. ಮನೆಯವರ ಮಾತಿನಿಂದ ತಾಯಿ ಹೊರಗುಳಿಯಬಾರದೆಂಬ ಅಕ್ಕರೆಯೊಂದಿತ್ತು. ಇಂದು ಪ್ರತಿ ಮನೆಯಲ್ಲಿಯೂ ಆತನು ಕನಸಿನಲ್ಲಿಯೂ ಕಾಣದಿದ್ದ ಯಂತ್ರವಿದೆ. ಅದನ್ನು ತಂಬಿಗೆಗೆ ಒರಗಿಸಿಟ್ಟು, ಎರಡು ಕೈಗಳನ್ನೂ ಬಿಡುಮಾಡಿಕೊಂಡು, ದೂರದ ಮಗನ ಮುಂದೆ ನಿಂತು "ನಿನ್ನ ಸುದ್ದಿ ಏನು" ಎಂದು ಅವನ ನುಡಿಯಲ್ಲಿಯೇ ಕೇಳುವ ತಂದೆತಾಯಿಗಳ ಸಂಖ್ಯೆ ಈ ನಾಡಿನಲ್ಲಿ ಹೆಚ್ಚಲಿ.